ರೆಸಿನ್ ಕಾರಿನ ನಾಲ್ಕನೆಯ ಚಕ್ರ ನೆಲ ಮುಟ್ಟುವುದು ಹೇಗೆ?

ಪ್ರಶ್ನೆ: ಹತ್ತು ವರ್ಷಗಳಿಂದ ಪ್ಲಾಸ್ಟಿಕ್ ಕಿಟ್‌ಗಳನ್ನು ಜೋಡಿಸುತ್ತಿದ್ದೇನೆ. ಜರ್ಮನಿಯಲ್ಲಿರುವ ಅಕ್ಕ ಈ ಸಲ ಬಂದಾಗ 1/43 ಅಳತೆಯ ಹಳೆಯ ರೆಸಿನ್ ಕಿಟ್ ಒಂದನ್ನು ತಂದುಕೊಟ್ಟರು. 1970ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ, 23ನೇ ಸಂಖ್ಯೆಯ ಕೆಂಪು ಪೋರ್ಷೆ 917. ಪ್ಲಾಸ್ಟಿಕ್ ಕಿಟ್‌ಗೆ ಬಳಸುವ ಅಂಟು ಇದಕ್ಕೆ ಹಿಡಿಯುತ್ತಲೇ ಇಲ್ಲ. ಪ್ರೈಮರ್ ಹೊಡೆದರೆ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುರುತುಗಳು ಬಿದ್ದವು. ಚಕ್ರಗಳನ್ನು ಸುಮ್ಮನೆ ಸಿಕ್ಕಿಸಿ ನೋಡಿದರೆ ಮೂರು ಮಾತ್ರ ನೆಲಕ್ಕೆ ತಾಗುತ್ತವೆ. ಕಿಟ್ಟೇ ಕೆಟ್ಟದ್ದೋ, ನನ್ನ ಕೈಯೋ? ಊರು ಮಂಗಳೂರು, ಹೊರಗೆ ಜುಲೈ ಮಳೆ.

ಉತ್ತರ: ಕಿಟ್ ಚೆನ್ನಾಗಿಯೇ ಇದೆ, ನಿಮ್ಮ ಕೈಯೂ ಸರಿಯಾಗಿದೆ. ನೀವು ಬಣ್ಣಕ್ಕೆ ಬೇಗ ಹೋದಿರಿ, ಅಷ್ಟೇ. ಪ್ಲಾಸ್ಟಿಕ್ ಕಿಟ್‌ನಲ್ಲಿ ಕಾರ್ಖಾನೆ ಮುಗಿಸಿ ಕಳಿಸುವ ಅರ್ಧ ಕೆಲಸ ರೆಸಿನ್ ಕಿಟ್‌ನಲ್ಲಿ ನಮ್ಮ ಪಾಲಿಗೆ ಉಳಿದಿರುತ್ತದೆ. ಪ್ರೈಮರ್ ಮತ್ತು ಚಕ್ರಗಳ ತೊಂದರೆ ಆ ಉಳಿದ ಕೆಲಸದಿಂದಲೇ ಬಂದವು, ಅಂಟಿನದು ರೆಸಿನ್‌ನ ಗುಣದಿಂದ. ಹೊಡೆದ ಪ್ರೈಮರನ್ನು ತೆಗೆದು ಮೊದಲಿನಿಂದ ಶುರು ಮಾಡಿ. ಏನೂ ನಷ್ಟವಾಗಿಲ್ಲ.

ಈ ಕಿಟ್‌ಗಳು ಹುಟ್ಟುವ ಬಗೆಯನ್ನು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಬೇಕು. ಅದರ ಖರ್ಚು ಹುಟ್ಟಬೇಕಾದರೆ ಸಾವಿರಗಟ್ಟಲೆ ಡಬ್ಬಿಗಳು ಮಾರಾಟವಾಗಬೇಕು. ಒಂದೇ ಒಂದು ರೇಸಿನಲ್ಲಿ ಓಡಿದ ಒಂದು ಕಾರಿಗೆ ಅಷ್ಟು ಗಿರಾಕಿಗಳು ಸಿಗುವುದಿಲ್ಲ. ಹಾಗಾಗಿ ಬ್ರಿಟನ್ನಿನ ಜಾನ್ ಡೇ ಮುಂತಾದವರು ಬಿಳಿ ಲೋಹದಲ್ಲಿ (ತವರ ಮುಖ್ಯವಾದ ಮೆದು ಮಿಶ್ರಲೋಹ), ಆಮೇಲೆ ಫ್ರಾನ್ಸಿನ ಪ್ರೊವಾನ್ಸ್ ಮುಲಾಜ್, ಸ್ಟಾರ್ಟರ್ ಮುಂತಾದ ಪುಟ್ಟ ತಯಾರಕರು ರೆಸಿನ್‌ನಲ್ಲಿ ಕೈಯಿಂದಲೇ ಎರಕ ಹೊಯ್ಯತೊಡಗಿದರು. ಕೈಯಲ್ಲಿ ಕೆತ್ತಿದ ಮೂಲಮಾದರಿಯ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ಮಾಡುತ್ತಾರೆ. ಅದರೊಳಗೆ ಎರಡು ದ್ರವಗಳನ್ನು ಕಲಸಿದ ಪಾಲಿಯುರೆಥೇನ್ ರೆಸಿನ್ ಸುರಿಯುತ್ತಾರೆ. ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ರಬ್ಬರ್ ಅಚ್ಚು ಕೆಲವು ಹತ್ತು ಎರಕಗಳಿಗೆಲ್ಲ ಸವೆದು ಹರಿಯುತ್ತದೆ. ಹಾಗಾಗಿ ಒಂದೇ ಕಿಟ್‌ನ ಎರಡು ಡಬ್ಬಿಗಳಲ್ಲಿ ಒಂದು ನುಣುಪಾಗಿಯೂ ಇನ್ನೊಂದು ಒರಟಾಗಿಯೂ ಇರುವುದುಂಟು. ಎರಕ ಅಚ್ಚಿನಿಂದ ಸುಲಭವಾಗಿ ಬಿಡಲಿ ಎಂದು ಒಳಗೆ ಜಿಡ್ಡಿನಂಥ ದ್ರವ್ಯವನ್ನು ಸಿಂಪಡಿಸಿರುತ್ತಾರೆ. ನಿಮ್ಮ ಪ್ರೈಮರ್ ಕಂಡ ಮೀನಿನ ಕಣ್ಣು ಆ ಜಿಡ್ಡಿನದು.

1/43 ಎಂಬ ವಿಚಿತ್ರ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಇದು ಆಟಿಕೆ ರೈಲುಗಳಿಂದ ಬಂದದ್ದು. ಬ್ರಿಟನ್ನಿನ ‘ಓ’ ಗೇಜ್ ರೈಲಿನಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ, ಭಾಗಿಸಿದರೆ 43.5 ಬರುತ್ತದೆ. ನಿಮ್ಮ ಕೈಯಲ್ಲಿರುವ ಕಾರಿಗೂ ಅದೇ ಲೆಕ್ಕ. 917ರ ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ (ಆಕ್ಸಲ್‌ಗಳ) ನಡುವಿನ ದೂರ ನಿಜದಲ್ಲಿ 2300 ಮಿಲಿಮೀಟರ್. ಮಾದರಿಯಲ್ಲಿ ಅದು ಐವತ್ಮೂರೂವರೆ. ಅಂದರೆ ನಿಮ್ಮ ನಾಲ್ಕನೆಯ ಚಕ್ರ ಅರ್ಧ ಮಿಲಿಮೀಟರ್ ಮೇಲೆ ನಿಂತರೆ, ನಿಜವಾದ ಕಾರಿನಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಗಾಳಿಯಲ್ಲಿ ನಿಂತಂತೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಕಾರು ಸರಿಯಿಲ್ಲವೆಂದು ಕಣ್ಣಿಗೆ ತಿಳಿಯುತ್ತದೆ.

ಮೊದಲು ತೊಳೆಯುವುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಾಡಿಯನ್ನು ಒಂದು ಗಂಟೆ ಇಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಪ್ರೈಮರ್ ಬಿಡದಿದ್ದರೆ ಮತ್ತೆ ಇಡಿ. ಬಣ್ಣದ ಅಂಗಡಿಯಲ್ಲಿ ಸಿಗುವ ಎನ್‌ಸಿ ಥಿನ್ನರ್‌ನಲ್ಲಿ ಮಾತ್ರ ನೆನೆಸಬೇಡಿ. ಕೆಲವು ರೆಸಿನ್‌ಗಳು ಅದರಲ್ಲಿ ಮೆತ್ತಗಾಗುತ್ತವೆ, ಬಾಗಿಲಿನ ಗೀರುಗಳು ಕರಗಿ ಹೋಗುತ್ತವೆ. ಆಮೇಲೆ ಪಾತ್ರೆ ತೊಳೆಯುವ ದ್ರವ ಹಾಕಿದ ಬೆಚ್ಚಗಿನ ನೀರಿನಲ್ಲಿ ಒಳಹೊರಗೆ ಉಜ್ಜಿ ತೊಳೆಯಿರಿ. ಒಳಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಿಟಕಿಗಳು ಅಂಟಬೇಕಾದದ್ದು ಅಲ್ಲಿಯೇ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಅಂಟಿನ ಸಂಗತಿ ಸರಳವಾದದ್ದು. ಪ್ಲಾಸ್ಟಿಕ್ ಕಿಟ್‌ನ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಪಾಲಿಯುರೆಥೇನ್ ಅದಕ್ಕೆ ಕರಗುವುದಿಲ್ಲ, ಆದ್ದರಿಂದ ಹಿಡಿಯುವುದೂ ಇಲ್ಲ. ಸಣ್ಣ ಭಾಗಗಳಿಗೆ ಫೆವಿಕ್ವಿಕ್ ಬಗೆಯ ಅಂಟು, ಭಾರ ಹೊರುವ ಕಡೆ ಅರಲ್ಡೈಟ್, ಕಿಟಕಿಗಳಿಗೆ ಫೆವಿಕಾಲ್. ಈ ಮೂರು ಸಾಕು. ಕಿಟಕಿಯ ಹತ್ತಿರ ಫೆವಿಕ್ವಿಕ್ ತರಲೇಬೇಡಿ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬೆಳ್ಳಗೆ ಮಂಜಿನಂತೆ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ.

ಈಗ ನಿಜವಾದ ಕೆಲಸ. ದಪ್ಪ ಗಾಜಿನ ತುಂಡೊಂದನ್ನು ತನ್ನಿ. ಗಾಜಿನ ಅಂಗಡಿಯಲ್ಲಿ ಅಂಚು ತೀಡಿಸಿದ ಚೂರು ಸಿಗುತ್ತದೆ. ಕಾರಿನ ತಳದ ಫಲಕವನ್ನು ಅದರ ಮೇಲಿಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಾಡಿದರೆ ಫಲಕ ತಿರುಚಿದೆ. ಹಳೆಯ ಕಿಟ್‌ಗಳಲ್ಲಿ ಇದು ಸಾಮಾನ್ಯ. ಡಬ್ಬಿಯೊಳಗೆ ವರ್ಷಗಟ್ಟಲೆ ಒತ್ತಡದಲ್ಲಿದ್ದ ರೆಸಿನ್ ಹಾಗೇ ಬಾಗುತ್ತದೆ. ಕುದಿಯದ, ಆದರೆ ಕೈ ತಾಳಲಾರದಷ್ಟು ಬಿಸಿಯಾದ ನೀರಿನಲ್ಲಿ ಅದನ್ನು ಒಂದು ನಿಮಿಷ ಮುಳುಗಿಸಿ, ಚಿಮುಟದಿಂದ ಎತ್ತಿ ಗಾಜಿನ ಮೇಲಿಟ್ಟು ಇನ್ನೊಂದು ಗಾಜಿನಿಂದ ಒತ್ತಿ ಹಿಡಿಯಿರಿ, ತಣ್ಣೀರು ಸುರಿಯಿರಿ. ಒಂದೆರಡು ಸಲದಲ್ಲಿ ನೇರವಾಗುತ್ತದೆ. ಬಾಡಿಯ ಪಕ್ಕಗಳು ಒಳಕ್ಕೆ ಕುಸಿದಿದ್ದರೂ ಇದೇ ಉಪಾಯ.

ಫಲಕ ನೇರವಾದ ಮೇಲೂ ಚಕ್ರ ಎತ್ತಿಕೊಂಡಿದ್ದರೆ ತಪ್ಪಿರುವುದು ಚಕ್ರದ ಅಚ್ಚು (ಆಕ್ಸಲ್) ಕೂರುವ ರಂಧ್ರದಲ್ಲಿ. ರಂಧ್ರವನ್ನು ತುಸು ದೊಡ್ಡದಾಗಿ ಕೊರೆಯಿರಿ, ಅಚ್ಚು ಅದರಲ್ಲಿ ಸಡಿಲವಾಗಿ ಆಡಬೇಕು. ನಿಧಾನವಾಗಿ ಗಟ್ಟಿಯಾಗುವ ಅರಲ್ಡೈಟ್ ತುಂಬಿ, ನಾಲ್ಕೂ ಚಕ್ರ ಸಿಕ್ಕಿಸಿ ಗಾಜಿನ ಮೇಲೆ ನಿಲ್ಲಿಸಿ. ಒಂದು ಚಕ್ರ ತಾಗದಿದ್ದರೆ ಮೇಲಿನಿಂದ ಸಣ್ಣ ಭಾರವಿಟ್ಟು ರಾತ್ರಿ ಬಿಡಿ. ಅಂಟು ಗಟ್ಟಿಯಾಗುವಾಗ ಗಾಜೇ ನಿಮಗೆ ಅಳತೆ ಕೊಡುತ್ತದೆ. ಟೈರಿನ ಮೇಲೆ ಬಾಡಿಯ ಕಮಾನು ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ರೇಸಿನ ಫೋಟೊ ನೋಡಿ ತೀರ್ಮಾನಿಸಿ. ಇಂಥ ಕಾರುಗಳು ನೆಲಕ್ಕೆ ಅಂಟಿದಂತೆ ಓಡುತ್ತಿದ್ದವು. ಹೆಚ್ಚಿನ ರೆಸಿನ್ ಕಿಟ್‌ಗಳು ಅವನ್ನು ಒಂದು ಕೂದಲಷ್ಟು ಎತ್ತರಕ್ಕೆ ನಿಲ್ಲಿಸುತ್ತವೆ. ಫಲಕ ಬಾಡಿಯೊಳಗೆ ಪೂರ್ತಿ ಹೋಗದಿರುವುದೇ ಅದಕ್ಕೆ ಮುಖ್ಯ ಕಾರಣ; ಫಲಕದ ಅಂಚನ್ನು ಸುತ್ತಲೂ ಅರದಿಂದ ತೆಳುವಾಗಿಸಿ. ನೆನಪಿಡಿ, ಪ್ರೈಮರ್, ಬಿಳಿ, ಕೆಂಪು, ವಾರ್ನಿಷ್ ಎಲ್ಲ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪವಾದರೂ ಈ ಅಳತೆಯಲ್ಲಿ ಅದು ನಾಲ್ಕು ಮಿಲಿಮೀಟರಿಗೂ ಮೀರಿದ ಲೇಪ. ಬಣ್ಣಕ್ಕೆ ಮುಂಚೆ ಬಿಗಿಯಾಗಿ ಕೂತ ಭಾಗ ಬಣ್ಣದ ಬಳಿಕ ಕೂರುವುದೇ ಇಲ್ಲ. ಎಲ್ಲವೂ ಕೊಂಚ ಸಡಿಲವಾಗಿರಲಿ.

ಇದಕ್ಕೆ ನಾನು ಇಷ್ಟು ಜಾಗ ಕೊಡಲು ಕಾರಣವಿದೆ. ನನ್ನ ಮೊದಲ ಎರಡು ರೆಸಿನ್ ಕಾರುಗಳಿಗೆ ಬಣ್ಣ ಮುಗಿಸಿದ ಮೇಲೆ ಚಕ್ರ ಜೋಡಿಸಿದೆ. ವಾರಗಟ್ಟಲೆ ಉಜ್ಜಿ ಹೊಳಪು ತಂದ ಬಾಡಿಯನ್ನು ಮತ್ತೆ ಅರದಿಂದ ಕೆರೆಯಬೇಕಾಗಿ ಬಂತು, ಕಮಾನಿನ ಅಂಚಿನಲ್ಲಿ ಬಣ್ಣ ಸಿಡಿಯಿತು. ಆ ನೋವು ಇನ್ನೂ ನೆನಪಿದೆ. ಅಂದಿನಿಂದ ಚಕ್ರಗಳು ಗಾಜಿನ ಮೇಲೆ ಸರಿಯಾಗಿ ನಿಲ್ಲುವವರೆಗೆ ಬಣ್ಣದ ಡಬ್ಬಿಯನ್ನು ಮೇಜಿಗೆ ತರುವುದಿಲ್ಲ.

ಎರಕದ ಗುಳ್ಳೆಗಳಿಗೆ ಬರೋಣ. ಸೂಜಿಮೊನೆಯಷ್ಟು ಕಾಣುವ ರಂಧ್ರದ ಕೆಳಗೆ ಕಡಲೆಯಾಕಾರದ ಪೊಳ್ಳು ಇರುತ್ತದೆ. ಮೇಲೆ ಪುಟ್ಟಿ ಸವರಿದರೆ ಒಳಗಿನ ಗಾಳಿ ಅದನ್ನು ಮತ್ತೆ ಹೊರದಬ್ಬುತ್ತದೆ. ಕೈ ಡ್ರಿಲ್‌ನಿಂದ ಬಾಯಿ ಅಗಲಿಸಿ, ದಪ್ಪನೆಯ ಫೆವಿಕ್ವಿಕ್ ಬಗೆಯ ಅಂಟನ್ನು ಹಲ್ಲುಕಡ್ಡಿಯ ತುದಿಯಿಂದ ತುಂಬಿ. ಒಣಗಿದ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ಸುತ್ತಲಿನ ರೆಸಿನ್‌ಗಿಂತ ಗಟ್ಟಿಯಾಗುತ್ತದೆ. ಉಜ್ಜುವಾಗ ರೆಸಿನ್ ಸವೆದು ಅಂಟು ಗುಡ್ಡದಂತೆ ಉಳಿಯುತ್ತದೆ. ಉಜ್ಜುವುದು ಯಾವಾಗಲೂ ನೀರು ಹಾಕಿದ ವಾಟರ್ ಪೇಪರ್‌ನಿಂದ, ಒರಟಾದ 400 ನಂಬರಿನಿಂದ ಶುರುವಾಗಿ ನುಣುಪಾದ 1000ದವರೆಗೆ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒಣದಾಗಿ ಉಜ್ಜಬೇಡಿ. ಕೊರೆಯುವಾಗ, ಅರ ಹಾಕುವಾಗ ಮಾಸ್ಕ್ ಇರಲಿ. ಬಿಳಿ ಲೋಹದ ಹಳೆಯ ಭಾಗಗಳಲ್ಲಿ ಸೀಸ ಇರಬಹುದು. ಕೆಲಸವಾದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ. ಬಾಗಿಲು, ಮುಂಭಾಗ, ಹಿಂಭಾಗಗಳ ಗೀರುಗಳನ್ನು ಸೂಜಿಯಿಂದ ಹಗುರವಾಗಿ ಎರಡು ಮೂರು ಸಲ ಗೀರಿ ಆಳ ಮಾಡಿ, ಇಲ್ಲದಿದ್ದರೆ ಬಣ್ಣ ಅವನ್ನು ನುಂಗುತ್ತದೆ.

ಉಜ್ಜುವಾಗ ಒಂದು ಜಾಗದಲ್ಲಿ ಕೈ ತಡೆದುಕೊಳ್ಳಿ. ಅದು ಬಾಲ. 1969ರಲ್ಲಿ ಹೊರಬಂದ 917 ವೇಗದಲ್ಲಿ ಹತೋಟಿಗೆ ಸಿಗದ ಕಾರಾಗಿತ್ತು, ಚಾಲಕರು ಅದಕ್ಕೆ ಹೆದರುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಝೆಲ್ಟ್‌ವೆಗ್ ಬಳಿಯ ಟ್ರ್ಯಾಕ್‌ನಲ್ಲಿ ಪರೀಕ್ಷೆ ನಡೆಯುವಾಗ ಪೋರ್ಷೆಗಾಗಿ ರೇಸ್ ಓಡಿಸಲಿದ್ದ ಜಾನ್ ವಯರ್ ಅವರ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಂಗತಿ ಗಮನಿಸಿದರು. ಕಾರಿನ ಮುಂಭಾಗದ ತುಂಬ ಸತ್ತ ನುಸಿಗಳು ಅಂಟಿದ್ದವು, ಬಾಲದ ರೆಕ್ಕೆಯ ಮೇಲೆ ಒಂದೂ ಇರಲಿಲ್ಲ. ಗಾಳಿ ಬಾಲವನ್ನು ಮುಟ್ಟುತ್ತಲೇ ಇಲ್ಲವೆಂದು ಅದರಿಂದ ತಿಳಿಯಿತು. ಅಲ್ಲೇ ಅಲ್ಯುಮಿನಿಯಂ ತಗಡು ಕತ್ತರಿಸಿ ಬಾಲವನ್ನು ಎತ್ತರಿಸಿದರು, ಕಾರು ಪಳಗಿತು. ನಿಮ್ಮ ಕಾರಿನ ಗಿಡ್ಡ, ಮೇಲೆದ್ದ ಬಾಲ ಆ ದಿನದ ಫಲ. ಇದರ ಪೂರ್ತಿ ಹೆಸರು 917ಕೆ; ಅದರಲ್ಲಿ ಬರುವ ‘ಕೆ’ ಅಕ್ಷರ ಜರ್ಮನ್ನಿನಲ್ಲಿ ಗಿಡ್ಡ ಬಾಲ ಎಂಬುದರ ಸಂಕ್ಷೇಪ. ಆ ಅಂಚು ಚೂಪಾಗಿಯೇ ಉಳಿಯಬೇಕು. ನಾಲ್ಕು ಸಲ ಅಜಾಗರೂಕತೆಯಿಂದ ಉಜ್ಜಿದರೆ ಅಂಚು ದುಂಡಗಾಗುತ್ತದೆ, ಕಾರಿನ ಮುಖಲಕ್ಷಣವೇ ಹೋಗುತ್ತದೆ.

ಫೋಟೊಗಳ ವಿಷಯದಲ್ಲಿ ಎಚ್ಚರ ಬೇಕು. ಗೆದ್ದ ಕಾರಿನ ಚಾಸಿಸ್ ಸಂಖ್ಯೆ 023. ಆದರೆ ಪೋರ್ಷೆ ಕಂಪನಿ ತಾನು ಕಟ್ಟಿದ ಮೊಟ್ಟಮೊದಲ 917ಕ್ಕೆ, ಅಂದರೆ 001ಕ್ಕೆ, ಇದೇ ಕೆಂಪು–ಬಿಳಿ ಬಣ್ಣ ಹಚ್ಚಿ ಬಹಳ ಕಾಲ ಪ್ರದರ್ಶನಕ್ಕಿಟ್ಟಿತ್ತು. 2019ರಲ್ಲಿ ಅದನ್ನು ಮೂಲ ಬಿಳಿ–ಹಸಿರಿಗೆ ಮರಳಿಸಿದರು. ಇಂಟರ್‌ನೆಟ್‌ನಲ್ಲಿ ಸಿಗುವ ಎಷ್ಟೋ ಬಣ್ಣದ ಚಿತ್ರಗಳು ಆ ಪ್ರದರ್ಶನದ ಕಾರಿನವು. ಸ್ಟಿಕ್ಕರ್ ಎಲ್ಲಿ, ಪಟ್ಟೆ ಎಲ್ಲಿ ತಿರುಗುತ್ತದೆ ಎಂಬುದಕ್ಕೆ 1970ರ ಜೂನ್ 13 ಮತ್ತು 14ರಂದು ಲೆ ಮಾನ್ಸ್‌ನಲ್ಲಿಯೇ ತೆಗೆದ, ಮಳೆಯಲ್ಲಿ ನೆನೆದ ಕಾರಿನ ಚಿತ್ರಗಳನ್ನೇ ನಂಬಿ.

ಬಣ್ಣದ ಕ್ರಮದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬಿಳಿ ಮೊದಲು, ಕೆಂಪು ಆಮೇಲೆ. ಕೆಂಪಿನ ಮೇಲೆ ಬಿಳಿ ಹೊಡೆದರೆ ಎಷ್ಟು ಪದರ ಹಾಕಿದರೂ ಗುಲಾಬಿ ಛಾಯೆ ಮೇಲೇರಿ ಬರುತ್ತದೆ. ಕಿಟ್‌ನಲ್ಲಿ ಬಿಳಿ ಪಟ್ಟೆಗಳು ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ರೂಪದಲ್ಲಿದ್ದರೂ ಅವುಗಳ ಅಡಿಯಿಂದ ಕೆಂಪು ಇಣುಕುತ್ತದೆ. ಬೂದು ಪ್ರೈಮರ್ ಹೊಡೆದು ದೋಷಗಳನ್ನು ತಿದ್ದಿ, ಇಡೀ ಬಾಡಿಗೆ ಬಿಳಿ ಹೊಡೆಯಿರಿ. ಬೂದುಬಣ್ಣದ ಮೇಲೆ ನೇರ ಕೆಂಪು ಬಿದ್ದರೆ ಇಟ್ಟಿಗೆಯಂತೆ ಮಂಕಾಗುತ್ತದೆ, ಬಿಳಿಯ ಮೇಲೆ ಬಿದ್ದರೆ ಬೆಳಗುತ್ತದೆ. ಪಟ್ಟೆಗಳ ಜಾಗಕ್ಕೆ ಟೇಪ್ ಅಂಟಿಸಿದ ಮೇಲೆ ಟೇಪಿನ ಅಂಚಿಗೆ ಇನ್ನೊಮ್ಮೆ ತೆಳುವಾಗಿ ಬಿಳಿಯನ್ನೇ ಹೊಡೆಯಿರಿ. ಸಂದಿಯೊಳಗೆ ಸೋರುವುದೆಲ್ಲ ಬಿಳಿಯೇ ಆಗಿರುವುದರಿಂದ, ಆಮೇಲೆ ಹೊಡೆದ ಕೆಂಪಿನ ಗೆರೆ ಕತ್ತರಿಸಿದಂತೆ ಬರುತ್ತದೆ. ಈ ಕಾರನ್ನು ಓಡಿಸಿದ ಪೋರ್ಷೆ ಸಾಲ್ಜ್‌ಬರ್ಗ್ ತಂಡ ಆಸ್ಟ್ರಿಯಾದ್ದು, ಕೆಂಪು–ಬಿಳಿ ಆ ದೇಶದ ಧ್ವಜದ ಬಣ್ಣ. ಆ ಕೆಂಪು ಕಿತ್ತಳೆಯತ್ತಲೂ ವಾಲಬಾರದು, ಮರೂನ್ ಕಡೆಗೂ ಹೋಗಬಾರದು.

ಇನ್ನು ನಿಮ್ಮ ಮಳೆ. ಗಾಳಿಯಲ್ಲಿ ತೇವಾಂಶ ತುಂಬಿರುವಾಗ ಲ್ಯಾಕರ್ ಬಣ್ಣ ಹೊಡೆದರೆ, ಆರುತ್ತಿರುವ ಥಿನ್ನರ್ ಮೇಲ್ಮೈಯನ್ನು ತಣ್ಣಗಾಗಿಸಿ ಅದರ ಮೇಲೆ ನೀರಿನ ಕಣಗಳು ಕೂರುತ್ತವೆ. ಹೊಳಪಿನ ಬದಲು ಹಾಲಿನಂಥ ಬಿಳುಪು ಬರುತ್ತದೆ. ಕರಾವಳಿಯ ಜುಲೈಯಲ್ಲಿ ಇದನ್ನು ತಪ್ಪಿಸುವುದು ಕಷ್ಟ. ನಿಧಾನವಾಗಿ ಆರಿಸುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು, ಪೂರ್ತಿ ಅಲ್ಲ. ಕಾರ್ ಗ್ಯಾರೇಜಿನವರು ಹೊಡೆಯುವ ಎರಡು ಭಾಗ ಬೆರೆಸುವ ಕ್ಲಿಯರ್ (ಪಾರದರ್ಶಕ ವಾರ್ನಿಷ್) ಇದಕ್ಕೆ ಪರಿಹಾರವೆಂದು ಕೆಲವರು ಹೇಳಿಯಾರು. ಅದರಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟಕ್ಕೆ ಬಹಳ ಅಪಾಯಕಾರಿ. ತಾಜಾ ಗಾಳಿ ಪೂರೈಸುವ ಮುಖಕವಚವಿಲ್ಲದೆ ಮನೆಯೊಳಗೆ ಅದನ್ನು ಹೊಡೆಯಲೇಬೇಡಿ. ಇಷ್ಟು ಚಿಕ್ಕ ಕಾರಿನ ಮೇಲೆ ಅದು ಪಾಕದಂತೆ ದಪ್ಪವಾಗಿಯೂ ಕಾಣುತ್ತದೆ.

ಡೀಕಾಲ್ ಹಾಳೆ ಹಳೆಯದಾದ್ದರಿಂದ ಹಳದಿಗಟ್ಟಿರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಬೇಡವಾದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಉಳಿದ ಹಾಳೆಗೆ ತೆಳುವಾಗಿ ಹೊಳಪಿನ ವಾರ್ನಿಷ್ ಹೊಡೆದು ಒಣಗಿಸಿ, ಆಮೇಲೆ ಒಂದೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಬಾಡಿಯ ತಿರುವಿನ ಮೇಲೆ ಕೂರದ ಕಡೆ ಡೀಕಾಲ್ ಮೆತ್ತಗಾಗಿಸುವ ದ್ರಾವಣ ಹಚ್ಚಿ ಸುಮ್ಮನಿರಿ. ಅದು ಮೊದಲು ಸುಕ್ಕುಗಟ್ಟುತ್ತದೆ, ಆ ಹೊತ್ತಿನಲ್ಲಿ ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ತಾನೇ ಬಿಗಿದುಕೊಂಡು ಬಣ್ಣ ಬಳಿದಂತೆ ಕೂರುತ್ತದೆ.

917ರ ಗುಂಡಗೆ ಬಾಗಿದ ಮುಂಗಾಜು ಈ ಕಿಟ್‌ನ ಅತ್ಯಂತ ಕಷ್ಟದ ಭಾಗ. ತೆಳು ಹಾಳೆಯನ್ನು ನಿರ್ವಾತದಲ್ಲಿ ಎಳೆದು ರೂಪಿಸಿರುತ್ತಾರೆ. ಎರಡು ಕೊಟ್ಟಿದ್ದರೆ ಒಂದು ಕಲಿಯಲೆಂದೇ. ಹೊಸ ಬ್ಲೇಡಿನಿಂದ ಗೆರೆಯ ಹೊರಗೇ ಕತ್ತರಿಸಿ, ಇಟ್ಟು ನೋಡಿ, ಒಂದು ಎಳೆಯಷ್ಟು ಉಜ್ಜಿ, ಮತ್ತೆ ಇಟ್ಟು ನೋಡಿ. ನಾನು ಒಂದು ಮುಂಗಾಜಿಗೆ ಒಂದು ಸಂಜೆಯನ್ನೇ ಮೀಸಲಿಡುತ್ತೇನೆ. ಒಳಗಿನ ಅಲಂಕಾರ ಗಾಜು ಹಾಕುವ ಮುನ್ನವೇ ಮುಗಿದಿರಬೇಕು. ಸ್ಟಿಯರಿಂಗ್ ಬಲಗಡೆ. ಗೇರ್ ಸನ್ನೆಯ ತುದಿಯ ಗುಂಡಿಗೆ ಮರದ ಬಣ್ಣ ಕೊಡಿ. ತೂಕ ಉಳಿಸಲು ಪೋರ್ಷೆಯವರು ಅದನ್ನು ಬಾಲ್ಸಾ ಮರದಲ್ಲಿ ಮಾಡಿದ್ದರು. ಮಾದರಿಯಲ್ಲಿ ಅದು ಸಾಸಿವೆಗಿಂತ ಚಿಕ್ಕದು, ಯಾರಿಗೂ ಕಾಣದಿರಬಹುದು. ಆದರೂ ಆ ಚುಕ್ಕೆ ಇಡುವಾಗ ಎಷ್ಟು ಸಂತೋಷವಾಗುತ್ತದೆಂದು ಹೇಳಲಾರೆ.

ಕಾರನ್ನು ಹೊಳೆಯುವಂತೆ ಮಾಡಲೋ, ಕೊಳೆಯಾಗಿಸಲೋ ಎಂದು ನೀವು ಕೇಳಿಲ್ಲ, ಆದರೆ ಕೇಳುವಿರಿ. ಹ್ಯಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ 343 ಸುತ್ತು ಓಡಿಸಿ ಪೋರ್ಷೆಗೆ ಲೆ ಮಾನ್ಸ್‌ನ ಮೊದಲ ಒಟ್ಟಾರೆ ಗೆಲುವು ತಂದರು. ಆ ಸಲ ಫಲಿತಾಂಶದ ಪಟ್ಟಿಗೆ ಸೇರಿದ ಕಾರುಗಳು ಏಳೇ ಏಳು. ಹೆರ್ಮನ್ ಆ ಗೆಲುವಿನೊಂದಿಗೆ ರೇಸಿಗೆ ವಿದಾಯ ಹೇಳಿದರು. ಗೆದ್ದ ಕಾರಿನ ಮೈಮೇಲೆ ಇಪ್ಪತ್ತನಾಲ್ಕು ಗಂಟೆಗಳ ಓಟದ ಮಳೆನೀರು, ಎಣ್ಣೆ, ಬ್ರೇಕಿನ ಮಸಿ ಎಲ್ಲವೂ ಇತ್ತು. ನನಗೆ ಆ ಕೊಳೆಯ ಕಾರೇ ಇಷ್ಟ. ಆದರೂ ಮೊದಲ ರೆಸಿನ್ ಕಾರಿಗೆ ನಾನಾದರೆ ಕೊಳೆ ಹಚ್ಚುವುದಿಲ್ಲ. ಎರಕದ ಮೇಲೆ ನೀವು ಮಾಡಿದ ಕೆಲಸ ಎಷ್ಟು ಚೆನ್ನಾಗಿ ಬಂದಿದೆಯೆಂದು ಶುಭ್ರವಾದ ಮೈ ಮಾತ್ರ ತೋರಿಸಬಲ್ಲದು. ಗೀರುಗಳಿಗೆ ಕಪ್ಪಿನ ಬದಲು ಗಾಢ ಕಂದು ಬಣ್ಣ ಇಳಿಸಿ ಅಲ್ಲಿಗೆ ನಿಲ್ಲಿಸಿ.

ಈ ವಾರ ತೊಳೆಯಿರಿ, ಗಾಜಿನ ತುಂಡು ತನ್ನಿ. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಫಲಕ, ಅಚ್ಚು, ಗುಳ್ಳೆ, ಗೀರುಗಳಿಗೆ ಹೋಗಲಿ. ಆ ಕೆಲಸಕ್ಕೆ ಮಳೆಯ ಅಡ್ಡಿಯಿಲ್ಲ. ಡೀಕಾಲ್ ಹಾಳೆಯನ್ನು ಅಕ್ಟೋಬರ್ ಬಿಸಿಲಿಗೆ ಕಿಟಕಿಗೆ ಅಂಟಿಸಿ. ಬಿಳಿ ಬಣ್ಣದ ಡಬ್ಬಿ ತೆರೆಯುವುದು ನವೆಂಬರ್‌ಗೆ, ಬೆಳಗಿನ ಇಬ್ಬನಿ ಆರಿದ ಮೇಲೆ.